ನಲವತ್ತು ಲೀಟರ್ ಟ್ಯಾಂಕಿಗೆ ಇಪ್ಪತ್ತನಾಲ್ಕೇ ಲೀಟರ್

ಗಾಡಿ ವಿಚಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು 1998ರ ಮಾರುತಿ ಜಿಪ್ಸಿ ಕಿಂಗ್, ಕಾರ್ಬ್ಯುರೇಟರ್ ಗಾಡಿ. ತೋಟಕ್ಕೆ, ನಾಲೆ ಏರಿಗೆ, ಕಬ್ಬಿನ ಗದ್ದೆ ದಾರಿಗೆ ಎಲ್ಲಕ್ಕೂ ಅದೇ. ಮೊದಲೆಲ್ಲ ಮುಳ್ಳು ಕೆಂಪು ಗೀಟು ಮುಟ್ಟಿದಾಗ ಫುಲ್ ಮಾಡಿಸಿದರೆ 34–35 ಲೀಟರ್ ಹಿಡಿಯುತ್ತಿತ್ತು. ಈಗ ಆರು ತಿಂಗಳಿಂದ 24ಕ್ಕೇ ಬಂಕಿನ ಗನ್ ಟಕ್ ಅಂತ ನಿಂತುಬಿಡುತ್ತದೆ. ಕಲ್ಲಿಗೆ ತಾಗಿ ಟ್ಯಾಂಕಿನ ತಳ ಊಟದ ತಟ್ಟೆಯಷ್ಟು ಅಗಲ ನೆಗ್ಗಿದೆ. ಮೆಕ್ಯಾನಿಕ್ ಟ್ಯಾಂಕೇ ಬದಲಾಯಿಸಿ ಅನ್ನುತ್ತಾರೆ. ಬದಲಾಯಿಸಲೇಬೇಕೆ?
– ಓದುಗರು, ಪಾಂಡವಪುರ

ಉತ್ತರ: ಈಗಲೇ ಬೇಡ. ಮೊದಲು ಆ ನೆಗ್ಗಿನ ಲೆಕ್ಕ ಹಾಕೋಣ. ತಟ್ಟೆಯ ಅಗಲ 25 ಸೆಂಟಿಮೀಟರ್, ನಡುವೆ ಆಳ 3 ಸೆಂಟಿಮೀಟರ್ ಅಂದುಕೊಂಡರೂ ಅದು ನುಂಗುವುದು ಸುಮಾರು ಮುಕ್ಕಾಲು ಲೀಟರ್. ನಿಮಗೆ ಕಾಣೆಯಾಗಿರುವುದು ಹತ್ತು ಲೀಟರ್. ತುಕ್ಕು, ಗಸಿ ತುಂಬಿದೆ ಎನ್ನುವ ಮಾತಿಗೂ ಇದೇ ಉತ್ತರ: ಹತ್ತು ಲೀಟರ್ ಗಸಿ ಕೂರುವ ಎಷ್ಟೋ ಮೊದಲೇ ಫಿಲ್ಟರ್ ಕಟ್ಟಿಕೊಂಡು ಗಾಡಿ ನಿಂತಿರುತ್ತಿತ್ತು.

ಉಳಿಯುವುದು ಎರಡೇ ದಾರಿ. ಒಂದೋ ಟ್ಯಾಂಕಿನೊಳಗಿನ ಗಾಳಿ ಹೊರಗೆ ಬರುತ್ತಿಲ್ಲ, ಹಾಗಾಗಿ ಪೆಟ್ರೋಲ್ ಒಳಗೆ ಇಳಿಯುತ್ತಿಲ್ಲ. ಇಲ್ಲವೇ ಮುಳ್ಳು ಸುಳ್ಳು ಹೇಳುತ್ತಿದೆ. ಖಾಲಿ ಎಂದು ನೀವು ಬಂಕಿಗೆ ಹೋದಾಗ ಒಳಗೆ ಇನ್ನೂ ಹದಿನೈದು, ಹದಿನಾರು ಲೀಟರ್ ಉಳಿದಿದೆ. ಯಾವುದೆಂದು ಅಳೆದೇ ತೀರ್ಮಾನಿಸಬೇಕು, ಊಹೆಯಿಂದಲ್ಲ.

ಮುಳ್ಳು ಕೆಂಪು ಗೀಟಿಗೆ ಬಂದ ದಿನ ಗಾಡಿಯನ್ನು ಬಯಲಲ್ಲಿ, ಸಮ ನೆಲದ ಮೇಲೆ ನಿಲ್ಲಿಸಿ. ಎಂಜಿನ್, ಸೈಲೆನ್ಸರ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಬೀಡಿ, ಮೊಬೈಲ್, ವೈರು ಎಳೆದ ಬಲ್ಬು ಹತ್ತಿರ ಸುಳಿಯಬಾರದು. ಟ್ಯಾಂಕಿನ ತಳದ ಡ್ರೈನ್ ನಟ್ ಬಿಚ್ಚಿ ಪೆಟ್ರೋಲನ್ನು ಲೋಹದ ಕ್ಯಾನಿಗೆ ಇಳಿಸಿ, 5 ಲೀಟರ್ ಅಳತೆಯಲ್ಲಿ ಅಳೆಯಿರಿ. ಐದಾರು ಲೀಟರ್ ಮಾತ್ರ ಬಂದರೆ ಗೇಜು ಸರಿಯಿದೆ, ತೊಂದರೆ ಗಾಳಿಯದು. ಹದಿನೈದರಷ್ಟು ಬಂದರೆ ಟ್ಯಾಂಕು ಗಟ್ಟಿಮುಟ್ಟಾಗಿದೆ, ಗೇಜು ಕೆಟ್ಟಿದೆ. ನಡುವಿನ ಅಂಕಿ ಬಂದರೆ ಎರಡೂ ಸ್ವಲ್ಪ ಸ್ವಲ್ಪ ಕೆಟ್ಟಿವೆ. ಹಳೇ ಗಾಡಿಗಳಲ್ಲಿ ಇದು ಅಪರೂಪವೇನಲ್ಲ.

ಗಾಳಿಯ ತೊಂದರೆ ಹೀಗೆ. ಬಂಕಿನ ಗನ್ನಿನ ಮೂತಿಯ ಹತ್ತಿರ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಮೇಲೆ ಬಂದು ಅದನ್ನು ಮುಚ್ಚಿದ ಕೂಡಲೇ ಗನ್ ತಾನಾಗಿ ನಿಲ್ಲುತ್ತದೆ. ಅದಕ್ಕೆ ಗೊತ್ತಾಗುವುದು ಕತ್ತಿನವರೆಗೆ ಪೆಟ್ರೋಲ್ ಬಂತು ಎಂಬುದಷ್ಟೇ. ಟ್ಯಾಂಕು ತುಂಬಿತೋ ಇಲ್ಲವೋ ಗೊತ್ತಾಗದು. ತುಂಬಿಸುವ ದಪ್ಪ ಹೋಸಿನ ಪಕ್ಕದಲ್ಲೇ ಒಂದು ತೆಳು ಹೋಸು ಟ್ಯಾಂಕಿನಿಂದ ಕತ್ತಿಗೆ ಏರುತ್ತದೆ. ಒಳಗಿನ ಗಾಳಿ ಹೊರಬರುವುದು ಅದರಿಂದ. ಅದು ಕಟ್ಟಿಕೊಂಡರೆ, ಕಿರಿದಾದ ಬಾಯಿಯ ಬಾಟಲಿಗೆ ರಭಸವಾಗಿ ನೀರು ಹುಯ್ದಾಗ ಉಕ್ಕುವ ಹಾಗೆ ಪೆಟ್ರೋಲ್ ಕತ್ತಿಗೆ ಉಕ್ಕುತ್ತದೆ, ಗನ್ ನಿಲ್ಲುತ್ತದೆ. ಬಂಕಿನಲ್ಲೇ ಪರೀಕ್ಷೆ ಮಾಡಬಹುದು: ಗನ್ ನಿಂತ ಮೇಲೆ ಎರಡು ನಿಮಿಷ ಬಿಟ್ಟು, ತೀರಾ ನಿಧಾನವಾಗಿ ಹಾಕಿಸಿ. ಇನ್ನೂ ಏಳೆಂಟು ಲೀಟರ್ ಇಳಿದರೆ ಈ ತೆಳು ಹೋಸೇ ಕಾರಣ.

ಹೋಸನ್ನು ಎರಡೂ ತುದಿ ಬಿಚ್ಚಿ ಪೂರ್ತಿ ಹೊರಗೆ ತೆಗೆಯಿರಿ. ಬಾಯಿಂದ ಊದಬೇಡಿ, ಸೈಕಲ್ ಪಂಪಿನಿಂದ ಗಾಳಿ ಬಿಡಿ. ಗದ್ದೆ ಕೆಸರು ಒಣಗಿ ಬಿರಡೆಯಾಗಿರಬಹುದು. ಎಲ್ಲಾದರೂ ತುದಿ ತೆರೆದಿದ್ದರೆ ಕಡಜ ಮಣ್ಣಿನ ಗೂಡು ಕಟ್ಟಿರಬಹುದು. ಇವೆರಡಕ್ಕಿಂತ ಹೆಚ್ಚಾಗಿ ಕಣ್ತಪ್ಪುವುದು ಹೋಸಿನ ಓಟ. ಯಾರೋ ಹೊಸದು ಹಾಕುವಾಗ ಒಂದು ಗೇಣು ಉದ್ದ ಬಿಟ್ಟಿರುತ್ತಾರೆ. ಅದು ನಡುವೆ ಜೋತುಬೀಳುತ್ತದೆ, ಜೋತಲ್ಲಿ ಪೆಟ್ರೋಲ್ ನಿಲ್ಲುತ್ತದೆ, ನಿಂತ ಪೆಟ್ರೋಲ್ ಗಾಳಿಗೆ ಬೀಗ ಹಾಕುತ್ತದೆ. ಹೋಸು ಹೊಚ್ಚಹೊಸದಾಗಿದ್ದರೂ ತೊಂದರೆ ತಪ್ಪುವುದಿಲ್ಲ. ಕತ್ತಿನಿಂದ ಟ್ಯಾಂಕಿನವರೆಗೆ ಎಲ್ಲೂ ಮೇಲೆ ಕೆಳಗೆ ಆಗದೆ ಒಂದೇ ಇಳಿಜಾರಿನಲ್ಲಿ ಬರುವಷ್ಟೇ ಉದ್ದಕ್ಕೆ ಕತ್ತರಿಸಿ.

ಬದಲಿಗೆ ಮೇಸ್ತ್ರಿಗಳ ಲೆವೆಲ್ ಪೈಪ್ ಹಾಕಬೇಡಿ. ಅದು ಪೆಟ್ರೋಲಿನಲ್ಲಿ ಗಡುಸಾಗಿ ಒಡೆಯುತ್ತದೆ. ಈಗ ಬರುವ ಪೆಟ್ರೋಲಿನಲ್ಲಿ ಶೇ 20ರವರೆಗೂ ಎಥನಾಲ್ ಇರುತ್ತದೆ. 1998ರ ರಬ್ಬರನ್ನು ಅದಕ್ಕಾಗಿ ಮಾಡಿದ್ದಲ್ಲ: ಒಳಪದರ ಊದಿ, ಸಿಪ್ಪೆಯಂತೆ ಎದ್ದು ದಾರಿ ಕಟ್ಟುತ್ತದೆ. ದಪ್ಪ ಹೋಸಿನೊಳಗೂ ಬೆರಳಾಡಿಸಿ ನೋಡಿ. ತೆಳು ಹೋಸು ಕೊಳ್ಳುವಾಗ ಮೇಲೆ ‘ಎಸ್‌ಎಇ 30 ಆರ್9’ ಎಂಬ ಮುದ್ರೆ ಇರುವುದನ್ನು ಕೇಳಿ. ಸ್ವಲ್ಪ ದುಬಾರಿ, ಆದರೆ ಎಥನಾಲ್ ತಡೆಯುತ್ತದೆ.

ಇನ್ನು ಗೇಜು. ಟ್ಯಾಂಕ್ ಯೂನಿಟ್ಟಿನ (ಟ್ಯಾಂಕಿನೊಳಗೆ ತೇಲುವ ಫ್ಲೋಟಿನಿಂದ ಮಟ್ಟ ಅಳೆದು ಮೀಟರಿಗೆ ತಿಳಿಸುವ ಭಾಗ) ವೈರನ್ನು, ಟ್ಯಾಂಕಿನಿಂದ ದೂರದ ಕನೆಕ್ಟರಿನಲ್ಲಿ ಬಿಚ್ಚಿ. ಕೀ ಆಫ್ ಇದ್ದಾಗಲೇ ಮೀಟರಿನ ಕಡೆಯ ವೈರನ್ನು ಗಾಡಿಯ ಬಾಡಿಯ ತಗಡಿಗೆ ತಾಗಿಸಿ ಅರ್ಥ್ ಮಾಡಿ, ಆಮೇಲೆ ಕೀ ಆನ್ ಮಾಡಿ. ಮುಳ್ಳು ಫುಲ್ ಕಡೆ ಏರಿದರೆ ಮೀಟರೂ ವೈರೂ ಸರಿ. ತಕ್ಷಣ ಆಫ್ ಮಾಡಿ. ಹಾಗಾದರೆ ತಪ್ಪು ಫ್ಲೋಟಿನಲ್ಲೋ ಅರ್ಥಿನಲ್ಲೋ ಇದೆ. ಮೊದಲು ಅರ್ಥ್ ನೋಡಿ ಎಂದು ಒತ್ತಿ ಹೇಳುತ್ತೇವೆ. ಈ ಗಾಡಿಯಲ್ಲಿ ಟ್ಯಾಂಕು ಖಾಲಿಯಾದಂತೆ ಯೂನಿಟ್ಟಿನ ರೆಸಿಸ್ಟನ್ಸ್ ಹೆಚ್ಚುತ್ತದೆ. ಟ್ಯಾಂಕಿನ ಬೋಲ್ಟುಗಳಲ್ಲಿ ತುಕ್ಕು ಹಿಡಿದರೆ ಅದೂ ರೆಸಿಸ್ಟನ್ಸೇ, ಎರಡೂ ಸೇರಿ ಮುಳ್ಳು ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ. ಯೂನಿಟ್ಟಿನ ತಗಡಿನಿಂದ ಚಾಸಿಸ್ಸಿಗೆ, ಉಜ್ಜಿ ಹೊಳೆಯಿಸಿದ ಜಾಗಕ್ಕೆ, ಒಂದು ಪ್ರತ್ಯೇಕ ವೈರ್ ಕೊಟ್ಟರೆ ಎಷ್ಟೋ ಗಾಡಿಗಳಲ್ಲಿ ಕೆಲಸ ಮುಗಿಯುತ್ತದೆ. ಟೆಂಪರೇಚರ್ ಮುಳ್ಳೂ ಜೊತೆಯಲ್ಲೇ ತಪ್ಪು ತೋರಿಸುತ್ತಿದ್ದರೆ ಮಾತ್ರ ಮೀಟರಿನ ಹಿಂಭಾಗಕ್ಕೆ ಕೈ ಹಾಕಿ.

ಇಷ್ಟಾಗಿಯೂ ಸರಿಹೋಗದಿದ್ದರೆ ಟ್ಯಾಂಕ್ ಇಳಿಸಿ. ನಿಮ್ಮ ನೆಗ್ಗು ಮುಖ್ಯವಾಗುವುದು ಆಗಲೇ: ಒಳಗೆ ಉಬ್ಬಿದ ತಗಡು ಫ್ಲೋಟಿನ ಕಡ್ಡಿಯನ್ನು ತಡೆಯುತ್ತಿದೆಯೇ, ಪೆಟ್ರೋಲ್ ಎಳೆಯುವ ಪೈಪಿನ ಜಾಲರಿಗೆ ಒತ್ತಿಕೊಂಡಿದೆಯೇ ನೋಡಿ. ಒಳಗಿನ ತುಕ್ಕು ಉದುರಿಸಲು ಹಲವರು ಬೇಬಿ ಜಲ್ಲಿ ಹಾಕಿ ಕುಲುಕುತ್ತಾರೆ. ಹಳೇ ಸೈಕಲ್ ಚೈನು ಅದಕ್ಕಿಂತ ವಾಸಿ, ಒಂದೇ ತುಂಡಾಗಿ ಹೊರಗೆ ಬರುತ್ತದೆ. ಟ್ಯಾಂಕಿಗೂ ಕೆಳಗಿನ ಗಾರ್ಡಿಗೂ ನಡುವೆ ಸೇರಿದ ಕೆಸರನ್ನು ಪೂರ್ತಿ ಕೆರೆದು ತೆಗೆಯಿರಿ. ಅದು ತಿಂಗಳುಗಟ್ಟಲೆ ತೇವ ಹಿಡಿದು ತಗಡನ್ನು ಹೊರಗಿನಿಂದ ತಿನ್ನುತ್ತದೆ.

ವೆಲ್ಡಿಂಗಿಗೆ ಕೊಡುವುದಾದರೆ ಒಂದು ಮಾತು. ಖಾಲಿ ಪೆಟ್ರೋಲ್ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಆವಿಯೇ ಸಿಡಿಯುವುದು. ಸೋಪಿನ ಬಿಸಿನೀರಲ್ಲಿ ಹಲವು ಸಲ ತೊಳೆದು, ಕೆಲಸದ ಜಾಗದ ಸಮೀಪದವರೆಗೂ ನೀರು ತುಂಬಿಸಿಯೇ ಬೆಸುಗೆಗೆ ಕೈ ಹಾಕುವ ರೇಡಿಯೇಟರ್ ಅಂಗಡಿಯವರಿಗೆ ಮಾತ್ರ ಕೊಡಿ. ನೆಗ್ಗು ಎತ್ತಲು ಕಂಪ್ರೆಸರ್ ಗಾಳಿ ತುಂಬುವವರೂ ಇದ್ದಾರೆ. ಬೇಡವೇ ಬೇಡ, ಹೊಲಿಗೆ ಬಿಟ್ಟರೆ ತಗಡು ಮುಖಕ್ಕೆ ಹಾರುತ್ತದೆ.

ಪ್ರಶ್ನೆ: ನನ್ನದು ಹಳೇ ಮಹೀಂದ್ರ ಡೀಸೆಲ್ ಜೀಪು. ಟ್ಯಾಂಕ್ ಇಳಿಸಿ ತೊಳೆಸಿದ ಮೇಲೆ ಅರ್ಧ ಡೀಸೆಲ್ ಇರುವಾಗಲೇ ಎಂಜಿನ್ ನಿಲ್ಲುತ್ತದೆ. ಫುಲ್ ಮಾಡಿಸಿದರೆ ಏನೂ ತೊಂದರೆ ಇಲ್ಲ.
– ಓದುಗರು, ಎಚ್.ಡಿ. ಕೋಟೆ

ಉತ್ತರ: ತೊಳೆಸಿದ ಮೇಲೆ ಶುರುವಾಯಿತು ಎಂಬುದೇ ದೊಡ್ಡ ಸುಳಿವು. ಎಳೆಯುವ ಪೈಪು ಟ್ಯಾಂಕಿನ ತಳದವರೆಗೆ ಇಳಿಯುತ್ತದೆ. ಉಳಿದ ಡೀಸೆಲನ್ನು ಟ್ಯಾಂಕಿಗೆ ವಾಪಸ್ ತರುವ ರಿಟರ್ನ್ ಪೈಪು ಸಾಮಾನ್ಯವಾಗಿ ಮೇಲೇ ನಿಲ್ಲುತ್ತದೆ. ಜೋಡಿಸುವಾಗ ಎರಡು ಹೋಸು ಅದಲುಬದಲಾಗಿದ್ದರೆ ಎಂಜಿನ್ ಮೇಲಿನ ಡೀಸೆಲ್ ಮಾತ್ರ ಕುಡಿಯುತ್ತದೆ. ಹೋಸು ಸರಿಯಿದ್ದರೆ ಎಳೆಯುವ ಪೈಪಿನಲ್ಲೇ ತುಕ್ಕಿನ ತೂತು ಬಿದ್ದಿದೆ. ಡೀಸೆಲ್ ಆ ತೂತಿಗಿಂತ ಕೆಳಗಿಳಿದ ಕೂಡಲೇ ಅದು ಗಾಳಿ ಎಳೆಯುತ್ತದೆ. ಫಿಲ್ಟರಿಗೆ ಮೊದಲು ಒಂದು ಗೇಣು ಪಾರದರ್ಶಕ ಪೈಪನ್ನು ಪರೀಕ್ಷೆಗಷ್ಟೇ ಸೇರಿಸಿ ನೋಡಿ, ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತದೆ. ರಿಪೇರಿಯಾದ ಮೇಲೆ ಫಿಲ್ಟರಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ತಿರುಪು) ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ.

ಪ್ರಶ್ನೆ: ನನ್ನ ಜಿಪ್ಸಿಯ ಟ್ಯಾಂಕು 40 ಲೀಟರಿನದು. ಬಂಕಿನಲ್ಲಿ 42 ಲೀಟರ್ ಬಿಲ್ ಮಾಡಿದರು. ಮೋಸವೇ?
– ಓದುಗರು, ಮೈಸೂರು

ಉತ್ತರ: ಅದೊಂದರಿಂದಲೇ ಮೋಸ ಎನ್ನಲಾಗದು. 40 ಎಂಬುದು ಕಂಪನಿ ಹೇಳುವ ಅಳತೆ. ಆವಿಗೆಂದು ಬಿಟ್ಟ ಮೇಲಿನ ಜಾಗ, ಕತ್ತಿನ ಹೋಸು ಎಲ್ಲ ತುಂಬಿಸಿದರೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಅನುಮಾನವಿದ್ದರೆ ಬಂಕಿನಲ್ಲಿರುವ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದ 5 ಲೀಟರ್ ಅಳತೆಯಲ್ಲಿ ಹಿಡಿದು ತೋರಿಸಿ ಎಂದು ಕೇಳಿ. ಕೇಳುವ ಹಕ್ಕು ಪ್ರತಿ ಗ್ರಾಹಕರಿಗೂ ಇದೆ. 5 ಲೀಟರಿಗೆ 25 ಮಿಲಿಲೀಟರ್ ಹೆಚ್ಚುಕಡಿಮೆ ಒಪ್ಪಿತ. ಅದಕ್ಕಿಂತ ಕಡಿಮೆ ಬಂದರೆ ಇಲಾಖೆಗೆ ದೂರು ಕೊಡಿ. ಆದರೆ ಕತ್ತಿನವರೆಗೆ ತುಂಬಿಸುವ ಅಭ್ಯಾಸ ಬಿಡಿ. ಪೆಟ್ರೋಲ್ ಒಂದು ಡಿಗ್ರಿ ಬಿಸಿಗೆ ಸುಮಾರು ಸಾವಿರಕ್ಕೆ ಒಂದು ಪಾಲು ಹಿಗ್ಗುತ್ತದೆ. ಬೆಳಿಗ್ಗೆ ತುಂಬಿಸಿದ 40 ಲೀಟರ್ ಮಧ್ಯಾಹ್ನದ ಬಿಸಿಲಲ್ಲಿ 15 ಡಿಗ್ರಿ ಹೆಚ್ಚು ಕಾದರೆ ಅರ್ಧ ಲೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ಜಾಗ ಸಿಗದಿದ್ದರೆ ಮುಚ್ಚಳದ ಅಂಚಿನಿಂದ ನೆಲಕ್ಕೆ ಸೋರುತ್ತದೆ.