ಎಣ್ಣೆ ಪಂಪಿನ ಡಿಸೈನು ಬೆನ್ನಿಗೇ ಗೊತ್ತು

"ಡಿಸೈನು, ಎರ್ಗೊನಾಮಿಕ್ಸ್ ಅಂತೆಲ್ಲ ಹೇಳ್ತಾರಲ್ಲ, ವಸ್ತು ಚಂದ ಕಾಣೋದು ಬಿಟ್ಟರೆ ಬಳಸೋರಿಗೆ ಏನು ಲಾಭ?" ಅಂತ ಕೇಳಿದ್ದೀರಿ. ಸಿಂಧನೂರಿನಲ್ಲಿ ಕೃಷಿ ಉಪಕರಣಗಳ ಮಾರಾಟ, ರಿಪೇರಿ ನನ್ನ ಕೆಲಸ. ಕಾರು, ಮೊಬೈಲು ಬಿಡಿ, ನಮ್ಮ ಕಡೆ ಭತ್ತಕ್ಕೆ, ಹತ್ತಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಬೆನ್ನಿನ ಪಂಪನ್ನೇ ತಗೊಳ್ಳಿ.

ಹೆಚ್ಚಾಗಿ ಹೋಗುವುದು 16 ಲೀಟರಿನ ಟ್ಯಾಂಕು. ತುಂಬಿದರೆ ನೀರೇ 16 ಕಿಲೋ, ಅದರ ಮೇಲೆ ಪಂಪಿನ ತೂಕ. ಬ್ಯಾಟರಿಯದಾದರೆ ಕೈಗೆ ಹ್ಯಾಂಡಲ್ ಆಡಿಸುವ ಕಾಟ ತಪ್ಪುತ್ತದೆ, ಆದರೆ 12 ವೋಲ್ಟಿನ ಲೆಡ್ ಬ್ಯಾಟರಿಯೇ ಎರಡು ಕಿಲೋ ದಾಟುತ್ತದೆ. ಇಷ್ಟೂ ಭಾರ ಎರಡು ಬೆರಳಗಲದ ಪಟ್ಟಿಯ ಮೇಲೆ ಕೂತರೆ ಮೂರನೇ ಟ್ಯಾಂಕಿಗೆ ಭುಜ ಕೆಂಪಗಾಗಿರುತ್ತದೆ. ಪಟ್ಟಿ ಅಗಲವಾಗಿದ್ದು, ಒಳಗೆ ಸ್ಪಂಜಿದ್ದು, ಸೊಂಟಕ್ಕೊಂದು ಬೆಲ್ಟಿದ್ದರೆ ಭಾರದ ಒಂದು ಪಾಲು ಸೊಂಟಕ್ಕೆ ಇಳಿಯುತ್ತದೆ. ಟ್ಯಾಂಕು ಬೆನ್ನಿಗೆ ಒತ್ತಿಕೊಂಡೇ ಇರಬೇಕು. ಹಿಂದೆ ಉಬ್ಬಿದ್ದರೆ ಅದು ಹಿಂದಕ್ಕೆ ಜಗ್ಗುತ್ತದೆ, ಹೊತ್ತವರು ಮುಂದಕ್ಕೆ ಬಾಗುತ್ತಾರೆ. ಕೆಸರುಗದ್ದೆಯಲ್ಲಿ ಹಾಗೆ ಬಾಗಿ ನಡೆದು ನೋಡಿ.

ಟ್ಯಾಂಕಿನ ಬಾಯಿ ಸಣ್ಣದಿದ್ದರೆ ಬಕೆಟಿನಿಂದ ಸುರಿಯುವಾಗ ಕೈ ಮೇಲೆ ಚೆಲ್ಲುತ್ತದೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ಬಾಗಿದಾಗೆಲ್ಲ ಬೆನ್ನಿಗೆ ಸೋರುತ್ತದೆ. ಸೋರುವುದು ಬರೀ ನೀರಲ್ಲ, ಔಷಧಿ! ಅಂಗಿ ತೊಯ್ದರೆ ಚರ್ಮದೊಳಗೇ ಇಳಿಯುವಂಥದ್ದು. ಇನ್ನು ಔಷಧಿ ಚಿಮ್ಮಿಸುವ ಗನ್ನಿನ ಟ್ರಿಗರಿಗೆ ಲಾಕ್ ಇಲ್ಲದಿದ್ದರೆ ದಿನವಿಡೀ ಒತ್ತಿ ಹಿಡಿದು ಬೆರಳು ಸೆಟೆದುಕೊಳ್ಳುತ್ತವೆ.

ಎರ್ಗೊನಾಮಿಕ್ಸ್ ಅಂದರೆ ಇವೇ ಲೆಕ್ಕಾಚಾರ, ಮೈಯ ಅಳತೆಗೆ ವಸ್ತುವನ್ನು ಹೊಂದಿಸುವುದು. ಭೋಪಾಲಿನ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ಹೊಲದಲ್ಲಿ ದುಡಿಯುವ ಗಂಡಸರ, ಹೆಂಗಸರ ಮೈ ಅಳತೆ, ಕೈಹಿಡಿತದ ಬಲವನ್ನೆಲ್ಲ ಬೇರೆ ಬೇರೆಯಾಗಿ ದಾಖಲಿಸಿದ್ದಾರೆ. ಅಂದರೆ ಅಳತೆಗೇನೂ ಕೊರತೆಯಿಲ್ಲ.

ತೊಡಕಿರುವುದು ಬೇರೆ ಕಡೆ. ಪಂಪು ಕೊಳ್ಳುವವರು ಹೊಲದ ಯಜಮಾನರು, ಹೊರುವವರು ಕೂಲಿಯವರು. ಯಜಮಾನರು ರೇಟು ಕೇಳುತ್ತಾರೆ, ವಾರಂಟಿ ಕೇಳುತ್ತಾರೆ, ಬಣ್ಣವನ್ನೂ ನೋಡುತ್ತಾರೆ. ಪಟ್ಟಿ ಎಳೆದು ನೋಡಿದವರು ಅಪರೂಪ. ಕೂಲಿಯವರು ಅಂಗಡಿಯವರೆಗೆ ಬಂದರೂ ಬೈಕಿನ ಹತ್ತಿರವೇ ನಿಂತಿರುತ್ತಾರೆ. ಸ್ಪಂಜಿಗೆ, ಬೆಲ್ಟಿಗೆ ಹೆಚ್ಚಿನ ದುಡ್ಡು ಕೊಡುವ ಗಿರಾಕಿ ಇಲ್ಲವೆಂದರೆ ಕಂಪನಿಯವರಾದರೂ ಯಾಕೆ ಹಾಕುತ್ತಾರೆ? ಡಿಸೈನರನ್ನು ಮಾತ್ರ ಬೈಯುವುದು ನನಗೆ ನ್ಯಾಯ ಅನಿಸುವುದಿಲ್ಲ.

ನೀವೇ ಕೊಳ್ಳುವುದಾದರೆ ಎಣ್ಣೆ ಹೊಡೆಯುವವರನ್ನೂ ಕರೆದುಕೊಂಡು ಹೋಗಿ. ಖಾಲಿ ಪಂಪು ಎಲ್ಲವೂ ಹಗುರವೇ. ಟ್ಯಾಂಕಿಗೆ ನೀರು ತುಂಬಿಸಿ, ಅವರ ಬೆನ್ನಿಗೇರಿಸಿ, ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆಸಿ, ಒಮ್ಮೆ ಬಗ್ಗಿಸಿ ಎಬ್ಬಿಸಿ. ಆಮೇಲೆ ರೇಟು ಮಾತಾಡಿ.