ಅಕ್ಕಪಕ್ಕದವರ ದೂರು ನಿಂತಿದೆ ಎಂದು ನೆಮ್ಮದಿ ಪಡಬೇಡಿ

ಬೆಂಗಳೂರಿನ ಓದುಗರೊಬ್ಬರ ಪತ್ರ ಬಂದಿದೆ. ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವರ ತಮ್ಮನಿಗೆ 27 ವರ್ಷ, ಸ್ಯಾಕ್ಸೋಫೋನ್ ನುಡಿಸುತ್ತಾನೆ, ಹೋಟೆಲ್‌ಗಳಲ್ಲಿ, ರಿಸೆಪ್ಷನ್‌ಗಳಲ್ಲಿ ನುಡಿಸಿ ನಾಲ್ಕು ಕಾಸು ಸಂಪಾದಿಸುತ್ತಿದ್ದ. ಎರಡು ವರ್ಷದಿಂದ ಕುಡಿತ ಜಾಸ್ತಿಯಾಗಿದೆ. ಈಗ ಬೆಳಿಗ್ಗೆ ಎದ್ದ ಕೂಡಲೇ ಬೇಕು, ಇಲ್ಲದಿದ್ದರೆ ಕೈ ನಡುಗುತ್ತದೆ. ಕೇಳಿದರೆ ಅಮೆರಿಕದ ಹೆಸರಾಂತ ಜಾಜ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಹೆಸರು ಹೇಳುತ್ತಾನೆ. ಅವರು ಕುಡಿತ, ಹೆರಾಯಿನ್ ಚಟದಲ್ಲಿ ಬದುಕಿದ್ದಕ್ಕೇ ಹಾಗೆ ನುಡಿಸಿದ್ದು ಅನ್ನುತ್ತಾನೆ. ವಾದ್ಯ ಮಾರಿ ಮದುವೆ ಮಾಡಿಬಿಡಿ ಎಂದು ದೊಡ್ಡಪ್ಪ ಹೇಳಿದ್ದಾರೆ. ಸಂಗೀತ ಬಿಡಿಸಲಾ ಎಂದು ಅಕ್ಕ ಕೇಳಿದ್ದಾರೆ.

ನೋಡಮ್ಮ, ಪತ್ರದ ಕೊನೆಯಲ್ಲಿ ನೀವು ಸುಮ್ನೆ ಒಂದು ಸಾಲು ಬರೆದಿದ್ದೀರಿ. ನಾಲ್ಕು ತಿಂಗಳಿಂದ ಅವನು ಮನೆಯಲ್ಲಿ ಪ್ರಾಕ್ಟೀಸ್ ಮಾಡುತ್ತಿಲ್ಲ, ಅಕ್ಕಪಕ್ಕದವರ ದೂರು ನಿಂತಿದೆ, ಅದೊಂದೇ ನೆಮ್ಮದಿ ಅಂತ. ನಿಮ್ಮ ಇಡೀ ಪತ್ರದಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಇದೇ ಸಾಲು.

ಯಾಕೆ ಗೊತ್ತಾ? 1954ರಲ್ಲಿ ಒಂದು ರೇಡಿಯೋ ಸಂದರ್ಶನದಲ್ಲಿ ಪಾರ್ಕರ್ ತಮ್ಮ ಹುಡುಗತನದ ಬಗ್ಗೆ ಮಾತಾಡಿದ್ದರು. ಮೂರು ನಾಲ್ಕು ವರ್ಷ ದಿನಕ್ಕೆ 11ರಿಂದ 15 ಗಂಟೆ ನುಡಿಸುತ್ತಿದ್ದರಂತೆ. ಆ ಸದ್ದಿಗೆ ನೆರೆಯವರ ತಲೆ ಕೆಟ್ಟು, ಮನೆ ಖಾಲಿ ಮಾಡಿ ಎಂದು ಅವರ ತಾಯಿಗೆ ಹೇಳುವ ಮಟ್ಟಕ್ಕೆ ಹೋಗಿತ್ತಂತೆ. ಪಾರ್ಕರ್ ಅವರನ್ನು ಪಾರ್ಕರ್ ಮಾಡಿದ್ದು ಆ ಸದ್ದು. ನಿಮ್ಮ ತಮ್ಮನ ಮನೆಯಲ್ಲಿ ನಿಂತುಹೋಗಿರುವುದೂ ಅದೇ. ಕುಡಿದರೆ ಸಂಗೀತ ಬರುತ್ತದೆ ಅನ್ನುವುದು ನಿಜವಾಗಿದ್ದರೆ ಈ ನಾಲ್ಕು ತಿಂಗಳಲ್ಲಿ ನಿಮ್ಮ ಬೀದಿಯವರಿಗೆ ನಿದ್ದೆಯೇ ಇರಬಾರದಿತ್ತು, ಅಲ್ವಾ?

ಕುಡಿದು ನುಡಿಸಿದ ಪಾರ್ಕರ್ ಹೇಗಿದ್ದರು ಅನ್ನುವುದಕ್ಕೂ ದಾಖಲೆ ಇದೆ. 1946ರ ಜುಲೈ 29ರಂದು ಲಾಸ್ ಏಂಜಲೀಸ್‌ನಲ್ಲಿ ರೆಕಾರ್ಡಿಂಗ್ ಇತ್ತು. ಹೆರಾಯಿನ್ ಸಿಗದೆ ವಿಸ್ಕಿ ಕುಡಿದು ಬಂದಿದ್ದರು, ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಅವತ್ತು ರಾತ್ರಿ ಹೋಟೆಲಿನಲ್ಲಿ ಹಾಸಿಗೆಗೆ ಬೆಂಕಿ ಬಿತ್ತು, ಪೊಲೀಸರು ಬಂದರು, ಆಮೇಲೆ ಕ್ಯಾಮರಿಲ್ಲೊ ಮಾನಸಿಕ ಆಸ್ಪತ್ರೆಯಲ್ಲಿ ಆರು ತಿಂಗಳು. ಆ ದಿನದ ರೆಕಾರ್ಡಿಂಗನ್ನು ಕಂಪನಿ ಬಿಡುಗಡೆ ಮಾಡಿದ್ದಕ್ಕೆ ಅವರಿಗೆ ಬಹಳ ಸಿಟ್ಟಿತ್ತು. ಜನ ಇವತ್ತಿಗೂ ಅದರಲ್ಲಿ ಏನೇನೋ ನೋವು ಕೇಳಿಸಿಕೊಳ್ಳುತ್ತಾರೆ. ನುಡಿಸಿದವರಿಗೆ ಅದು ಬೇಡವಾಗಿತ್ತು. ನಶೆಯಲ್ಲಿ ಚೆನ್ನಾಗಿ ನುಡಿಸುತ್ತೇನೆ ಅನ್ನುವವನು ಶುದ್ಧ ಸುಳ್ಳುಗಾರ, ಜಾಸ್ತಿ ಕುಡಿದರೆ ನನಗೆ ಬೆರಳೇ ಸರಿಯಾಗಿ ಓಡುವುದಿಲ್ಲ ಎಂದು 1949ರಲ್ಲಿ ಒಂದು ಪತ್ರಿಕೆಗೆ ಅವರೇ ಹೇಳಿದ್ದಾರೆ. 1955ರ ಮಾರ್ಚ್ 12ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡಾಗ ಅವರಿಗೆ 34 ವರ್ಷ. ದೇಹ ನೋಡಿದ ವೈದ್ಯರು 50 ದಾಟಿದೆ ಎಂದುಕೊಂಡರು.

ನಿಮ್ಮ ತಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗಿರುವುದು ಕಾಯಿಲೆ. ಸಿಟ್ಟಿರುವುದು ನೀವು ಬರೆದಿರುವ, ಗಿಟಾರ್ ನುಡಿಸುವ ಅವನ ಸ್ನೇಹಿತನ ಮೇಲೆ. 'ನೋವಿಲ್ಲದೆ ಜಾಜ್ ಬರಲ್ಲ ಮಗಾ' ಎಂದು ಗ್ಲಾಸ್ ತುಂಬಿಸುವವನು ಅವನೇ. ಅವನು ಕುಡಿಯುವುದು ಶನಿವಾರ ಮಾತ್ರ, ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗುತ್ತಾನೆ ಎಂದು ನೀವೇ ಬರೆದಿದ್ದೀರಿ. ಇನ್ನೊಬ್ಬರ ಲಿವರ್ ಮೇಲೆ ಕಲೆ ಕಟ್ಟುವ ಇಂಥವರನ್ನು ನಾನು ಬಹಳ ನೋಡಿದ್ದೇನೆ. ಅವನನ್ನು ಮನೆಯೊಳಗೆ ಬಿಡಬೇಡಿ.

ದೊಡ್ಡಪ್ಪನವರಿಗೆ ನನ್ನ ಹಳೇ ಮಾತೇ ಉತ್ತರ. ಮದುವೆ ಔಷಧಿ ಅಲ್ಲ. ಯಾರದೋ ಮನೆಯ ಹುಡುಗಿಯನ್ನು ತಂದು ನರ್ಸ್ ಮಾಡಬೇಡಿ.

ತಮ್ಮನಿಗೆ ಪಾರ್ಕರ್ ಕಥೆ ಬೇಕಾದರೆ ಇನ್ನೊಬ್ಬ ಜಾಜ್ ಸ್ಯಾಕ್ಸೋಫೋನ್ ವಾದಕ ಸಾನಿ ರಾಲಿನ್ಸ್ ಕಥೆ ಹೇಳಿ. 1953ರಲ್ಲಿ ಒಂದು ರೆಕಾರ್ಡಿಂಗ್‌ನಲ್ಲಿ ಪಾರ್ಕರ್ ಈ ಹುಡುಗನನ್ನು, ನೀನು ಹೆರಾಯಿನ್ ಬಿಟ್ಟಿದ್ದೀಯಾ ಎಂದು ಕೇಳಿದರು. ಬಿಟ್ಟಿದ್ದೇನೆ ಎಂದು ರಾಲಿನ್ಸ್ ಸುಳ್ಳು ಹೇಳಿದರು. ಆ ದಿನವೇ ಸುಳ್ಳು ಬಯಲಾಯಿತು, ಪಾರ್ಕರ್ ಮುಖ ಸಪ್ಪಗಾಯಿತು. ತನ್ನನ್ನು ನೋಡಿ ಹುಡುಗರು ಹಾಳಾಗುತ್ತಿದ್ದಾರೆ ಅನ್ನುವ ಸಂಕಟ ಅದು. ರಾಲಿನ್ಸ್ ಕೆಂಟಕಿಯ ಲೆಕ್ಸಿಂಗ್‌ಟನ್ ಆಸ್ಪತ್ರೆಗೆ ಹೋಗಿ ಸೇರಿಕೊಂಡರು. ಗುಣವಾಗಿ ಬಂದು ಪಾರ್ಕರ್ ಮುಂದೆ ನಿಲ್ಲಬೇಕು ಅನ್ನುವ ಆಸೆ ಇತ್ತು. ಅವರು ಅಲ್ಲಿರುವಾಗಲೇ ಪಾರ್ಕರ್ ಹೋಗಿಬಿಟ್ಟರು. ರಾಲಿನ್ಸ್ ಮಾತ್ರ 82ನೇ ವಯಸ್ಸಿನವರೆಗೆ ವೇದಿಕೆಯಲ್ಲಿ ನುಡಿಸಿದರು.

ನೀವು ಮಾಡಬೇಕಾದ್ದು ಒಂದೇ. ಈ ವಾರವೇ ಅವನ ಜೊತೆ ಆಸ್ಪತ್ರೆಗೆ ಹೋಗಿ. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಬೇರೆ ವಿಭಾಗ ಇದೆ. ಮೊದಲು ಫೋನಲ್ಲಿ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಅಲ್ಲಿಯವರೆಗೆ ಬಾಟಲಿ ಕಿತ್ತುಕೊಂಡು ರೂಮಿನಲ್ಲಿ ಕೂಡಿಹಾಕುವ ಸಾಹಸ ಖಂಡಿತ ಬೇಡ. ಬೆಳಿಗ್ಗೆಯೇ ಕೈ ನಡುಗುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ನಿಲ್ಲಿಸುವುದನ್ನು ಡಾಕ್ಟರ ಕೈಗೆ ಬಿಡಿ.

ವಾದ್ಯ ಮಾರಬೇಡಿ. ಪೆಟ್ಟಿಗೆ ಅವನ ಕಣ್ಣಿಗೆ ಬೀಳುವ ಹಾಗೆ ಇಡಿ. ಅಕ್ಕಪಕ್ಕದವರು ಮತ್ತೆ ದೂರು ತಂದ ದಿನ ನನಗೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇನೆ.