ಗುರುತುಗಳಿಲ್ಲದ ಕಾಡುದಾರಿಯಲ್ಲಿ ಬೆಟ್ಟ ಹತ್ತುವಾಗ ದಾರಿ ತಪ್ಪದಿರುವುದು ಹೇಗೆ?

ಜನ ಹೆಚ್ಚಾಗಿ ಹೋಗದ, ಫಲಕವಾಗಲಿ ಬಣ್ಣದ ಬಾಣವಾಗಲಿ ಇಲ್ಲದ ಬೆಟ್ಟವೊಂದರ ತುದಿಯನ್ನು ಕಾಡಿನ ಕಾಲುದಾರಿಗಳಲ್ಲೇ ನಡೆದು ಮುಟ್ಟುವುದು ಹೇಗೆಂದು ನೀವು ಕೇಳಿದ್ದೀರಿ. ಇಂಥ ಬೆಟ್ಟಗಳನ್ನು ಹಲವು ವರ್ಷಗಳಿಂದ ಹತ್ತಿಳಿದಿರುವ ನನಗೆ ತುದಿ ಮುಟ್ಟುವುದು ಎಂದೂ ದೊಡ್ಡ ಸಮಸ್ಯೆಯಾಗಿಲ್ಲ. ಸಮಸ್ಯೆಯಾಗಿರುವುದು ಹೊರಟ ಜಾಗಕ್ಕೇ ಮರಳಿ ಬರುವುದು. ಬೆಟ್ಟದ ಏಣುಗಳು, ಅಂದರೆ ಎರಡು ಕಣಿವೆಗಳ ನಡುವೆ ಎದ್ದು ನಿಂತ ಉದ್ದನೆಯ ದಿಣ್ಣೆಗಳು, ಮೇಲೆ ಹೋದಂತೆಲ್ಲ ಒಂದಕ್ಕೊಂದು ಕೂಡಿಕೊಳ್ಳುವುದರಿಂದ, ಅತ್ತಿತ್ತ ಸ್ವಲ್ಪ ಸರಿದರೂ ಏರುತ್ತಲೇ ಇದ್ದವನಿಗೆ ಸಾಮಾನ್ಯವಾಗಿ ಶಿಖರ ಸಿಕ್ಕೇ ಸಿಗುತ್ತದೆ. ಇಳಿಯುವಾಗ ಅವೇ ಏಣುಗಳು ಕವಲೊಡೆಯುತ್ತವೆ. ತುದಿಯಲ್ಲಿ ಹತ್ತೇ ಹೆಜ್ಜೆಯ ಅಂತರದಲ್ಲಿರುವ ಎರಡು ಕವಲುಗಳು ಬುಡದಲ್ಲಿ ನಮ್ಮನ್ನು ಎರಡು ಬೇರೆ ಬೇರೆ ಕಣಿವೆಗಳಲ್ಲಿ ಬಿಡುತ್ತವೆ.

ಒಮ್ಮೆ ಮಂಜು ಮುಸುಕಿದ ಮಧ್ಯಾಹ್ನ ನಾನು ಹೀಗೆಯೇ ತಪ್ಪು ಏಣಿನಲ್ಲಿ ಮುಕ್ಕಾಲು ಗಂಟೆ ಇಳಿದಿದ್ದೆ. ದಾರಿ ಸವೆದು ಸ್ಪಷ್ಟವಾಗಿದ್ದುದರಿಂದ ಅನುಮಾನವೇ ಬರಲಿಲ್ಲ. ಬೆಳಿಗ್ಗೆ ಎಲ್ಲೂ ಕೇಳಿರದ ಹಳ್ಳವೊಂದರ ಸದ್ದು ಕಿವಿಗೆ ಬಿದ್ದಾಗಲೇ ಎಚ್ಚರವಾದದ್ದು. ಇಳಿದಷ್ಟನ್ನೂ ಮತ್ತೆ ಹತ್ತಬೇಕಾಯಿತು. ಅಂದಿನಿಂದ ನಾನು ಹತ್ತುವಾಗ ಪ್ರತಿ ಕವಲಿನಲ್ಲೂ ನಿಂತು, ಹಿಂದಿರುಗಿ, ಇಳಿದು ಬರುವವನ ಕಣ್ಣಿಗೆ ಆ ಜಾಗ ಹೇಗೆ ಕಾಣುತ್ತದೆಂದು ನೋಡಿ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡೇ ಮುಂದೆ ಹೋಗುತ್ತೇನೆ. ನಕ್ಷೆಗಿಂತ ಈ ಚಿತ್ರಗಳೇ ನನ್ನನ್ನು ಹೆಚ್ಚು ಸಲ ಕಾಪಾಡಿವೆ.

ಕಾಡಿನಲ್ಲಿ ಕಾಣುವ ದಾರಿಗಳೆಲ್ಲ ಮನುಷ್ಯರವಲ್ಲ ಎಂಬುದನ್ನೂ ನೆನಪಿಡಿ. ನೆಲದಲ್ಲಿ ಚೆನ್ನಾಗಿ ಸವೆದಿದ್ದರೂ ಸೊಂಟದೆತ್ತರದಲ್ಲಿ ಪೊದೆಗಳು ಅಡ್ಡ ಹೆಣೆದುಕೊಂಡು, ನಾವು ಬಗ್ಗಿಯೇ ನುಸುಳಬೇಕಾಗಿ ಬಂದರೆ ಅದು ಹೆಚ್ಚಾಗಿ ಪ್ರಾಣಿಗಳ ಜಾಡು. ಕತ್ತಿಯಿಂದ ಓರೆಯಾಗಿ ಕಡಿದ ಕೊಂಬೆಯ ತುದಿಗಳು ಪಕ್ಕದಲ್ಲಿ ಕಂಡರೆ ಮನುಷ್ಯರು ಓಡಾಡಿದ ದಾರಿ. ಆದರೆ ಸೌದೆಗೆ ಬಂದವರ ದಾರಿ ಕಾಡಿನ ನಡುವೆಯೇ ಮುಗಿದುಹೋಗುವುದೂ ಉಂಟು.

ಹೊರಡುವ ಮುನ್ನ ಸಮೋನ್ನತಿ ರೇಖೆಗಳಿರುವ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿರುವ, ನಕ್ಷೆಯನ್ನು ನಿಧಾನವಾಗಿ ಓದಿ. ರೇಖೆಗಳು ಒತ್ತೊತ್ತಾಗಿರುವಲ್ಲಿ ಕಡಿದಾದ ಏರಿರುತ್ತದೆ. ಅವು ಮೊನಚಾಗಿ ಶಿಖರದ ಕಡೆಗೆ ಬಾಗಿದ್ದರೆ ಅದು ಕಣಿವೆ, ತಗ್ಗಿನ ಕಡೆಗೆ ಬಾಗಿದ್ದರೆ ಏಣು. ಆಯ್ಕೆಯಿದ್ದಾಗ ನಾನು ಏಣನ್ನೇ ಹಿಡಿಯುತ್ತೇನೆ. ಮೊಬೈಲಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಅದು ನೇರವಾಗಿ ಉಪಗ್ರಹಗಳ ಸಂಕೇತ ಹಿಡಿಯುತ್ತದೆ; ನಕ್ಷೆಯನ್ನು ಮಾತ್ರ ಮೊದಲೇ ಇಳಿಸಿಕೊಂಡಿರಬೇಕು. ಆದರೂ ದಟ್ಟ ಮರಗಳ ಕೆಳಗೆ, ಆಳವಾದ ಕೊರಕಲುಗಳಲ್ಲಿ ಅದು ತೋರಿಸುವ ಸ್ಥಾನ ಹತ್ತಾರು ಮೀಟರ್ ಅತ್ತಿತ್ತ ಆಗಬಹುದಾದ್ದರಿಂದ, ಮತ್ತು ಬ್ಯಾಟರಿಯನ್ನು ಪೂರ್ತಿ ನಂಬುವಂತಿಲ್ಲವಾದ್ದರಿಂದ, ದಿಕ್ಸೂಚಿ ಜೇಬಿನಲ್ಲಿರಲಿ. ನೇರ ನಡೆಯುತ್ತಿದ್ದೇನೆಂಬ ನಮ್ಮ ಅನಿಸಿಕೆಗೆ ಬೆಲೆ ಕೊಡಬೇಡಿ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಜರ್ಮನಿಯ ಸಮತಟ್ಟಾದ ಕಾಡೊಂದರಲ್ಲಿ ನೇರ ನಡೆಯಲು ಹೇಳಿ ಕಳಿಸಿದ್ದವರು, ಮೋಡ ಕವಿದು ಸೂರ್ಯ ಕಾಣದಿದ್ದಾಗ ತಮಗೇ ತಿಳಿಯದಂತೆ ಸುತ್ತು ಹಾಕಿ, ದಾಟಿದ ಜಾಗವನ್ನೇ ಮತ್ತೆ ದಾಟಿದ್ದರು.

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಉಪಯುಕ್ತ: ಸುಮಾರು 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರಂತೆ 8 ಕಿಲೋಮೀಟರ್ ದೂರ, 900 ಮೀಟರ್ ಏರು ಇರುವ ದಾರಿಗೆ ಮೂರು ಗಂಟೆಯ ಮೇಲೆ ತುಸು ಬೇಕು. ಅದು ಒಳ್ಳೆಯ ದಾರಿಯ ಮಾತು. ದಾರಿ ಹುಡುಕಿಕೊಂಡು ಹೋಗಬೇಕಾದಲ್ಲಿ ನಾನು ಅದನ್ನು ಇಮ್ಮಡಿ ಮಾಡುತ್ತೇನೆ. ಇಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುವುದೆಂದು ಹೊರಡುವಾಗಲೇ ತೀರ್ಮಾನಿಸಿ, ಆ ಹೊತ್ತನ್ನೂ ಹೋಗುವ ದಾರಿಯನ್ನೂ ಮನೆಯವರಿಗೋ ಗೆಳೆಯರಿಗೋ ಬರೆದು ಕೊಟ್ಟು ಹೋಗಿ. ಕಾಡಿಗೆ ಪ್ರವೇಶಿಸಲು ಅನುಮತಿ ಬೇಕೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕೆಂದು ಬೇರೆ ಹೇಳಬೇಕಿಲ್ಲವಷ್ಟೇ.

ಇಷ್ಟಾಗಿಯೂ ದಾರಿ ತಪ್ಪಿದರೆ, ಖಚಿತವಾಗಿ ಗುರುತಿದ್ದ ಕೊನೆಯ ಜಾಗಕ್ಕೆ ಬಂದ ದಾರಿಯಲ್ಲೇ ಮರಳಿ. ಅದೂ ಸಾಧ್ಯವಾಗದಿದ್ದರೆ ಇದ್ದಲ್ಲೇ ಕುಳಿತುಬಿಡಿ. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆಂಬ ಮಾತನ್ನು ಬೆಟ್ಟದಲ್ಲಿ ನಂಬಬೇಡಿ. ನೀರು ಜಲಪಾತವಾಗಿ ಬೀಳಬಲ್ಲದು, ನಾವು ಹಾಗೆ ಇಳಿಯಲಾರೆವು. ಕೂಗುತ್ತ ಗಂಟಲು ಒಣಗಿಸಿಕೊಳ್ಳುವ ಬದಲು ಸೀಟಿ ಊದಿ: ಒಂದು ನಿಮಿಷದಲ್ಲಿ ಆರು ಸಲ, ಆಮೇಲೆ ಒಂದು ನಿಮಿಷ ಬಿಡುವು, ಮತ್ತೆ ಆರು ಸಲ. ಪರ್ವತಗಳಲ್ಲಿ ಸಹಾಯ ಕೋರುವ ರೂಢಿಯ ಸಂಕೇತ ಅದು; ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರಿಸುತ್ತಾರೆ. ಉತ್ತರ ಬಂದ ಮೇಲೂ ಎದ್ದು ಅವರ ಕಡೆಗೆ ಹೊರಡಬೇಡಿ. ಅವರು ನಿಮ್ಮ ಬಳಿ ಬರುವ ತನಕ ಊದುತ್ತಲೇ ಇರಿ.